ತಗಡೋ ಫೈಬರೋ? ಹಳೇ ಜೀಪಿಗೆ ಹೊಸ ಬಾಡಿ ಕಟ್ಟಿಸುವವರಿಗೆ ಒಂದಿಷ್ಟು ಸೂತ್ರಗಳು

ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೋಟದ ಮನೆಗಳ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಕೂತ ಮಹೀಂದ್ರಾ ಜೀಪುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಟೊಮೆಟೊ ಬಾಕ್ಸು, ರೇಷ್ಮೆಗೂಡಿನ ಚೀಲ, ಗೊಬ್ಬರದ ಮೂಟೆ, ಮದುವೆಯ ಜನ ಎಲ್ಲವನ್ನೂ ಹೊತ್ತ ಗಾಡಿಗಳು ಅವು. ಇಂಜಿನ್ ಬಿಚ್ಚಿ ಬೋರ್ ಮಾಡಿಸಬಹುದು, ಗೇರ್ ಬಾಕ್ಸ್ ಗುಜರಿಯಲ್ಲಿ ಸಿಗುತ್ತದೆ. ಬಾಡಿ ಮಾತ್ರ ತುಕ್ಕು ಹಿಡಿದು ಕಾಲಿಟ್ಟಲ್ಲಿ ನೆಲ ಕಾಣುವ ಸ್ಥಿತಿಯಲ್ಲಿರುತ್ತದೆ. ಇರುವ ತಗಡನ್ನೇ ಕತ್ತರಿಸಿ ಬೆಸೆದು ಉಳಿಸಿಕೊಳ್ಳೋಣವೇ, ಫೈಬರ್ ಗ್ಲಾಸಿನ ಬಾಡಿ ತಂದು ಕೂರಿಸೋಣವೇ ಎಂಬ ಪ್ರಶ್ನೆ ಅಲ್ಲಿಂದ ಶುರು.

ಅಮೆರಿಕದ ಹಾಟ್ ರಾಡ್ ಹುಚ್ಚಿನವರು ಇದೇ ವಾದವನ್ನು ದಶಕಗಳಿಂದ ಮಾಡುತ್ತಿದ್ದಾರೆ. ಹಳೆಯ ಕಾರಿನ, ಅದರಲ್ಲೂ 1932ರ ಫೋರ್ಡ್‌ನ ಬಾಡಿಯೊಳಗೆ ಜೋರಾದ ಇಂಜಿನ್ ಕೂರಿಸಿ ಓಡಿಸುವುದು ಹಾಟ್ ರಾಡ್. 1932ರ ಮೂಲ ತಗಡು ದುರ್ಲಭವಾಗಿ, ಇದ್ದದ್ದರ ಬೆಲೆ ಏರಿದ ಮೇಲೆ ಫೈಬರ್ ನಕಲುಗಳು ಬಂದವು. ನಮ್ಮ ಕಥೆ ಬೇರೆ. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಸಿಜೆ-3ಬಿ ಜೀಪನ್ನು ಮಹೀಂದ್ರಾ ಕಂಪನಿ ಆಮೇಲೂ ದಶಕಗಳ ಕಾಲ ಇಲ್ಲಿ ತಯಾರಿಸಿತು. ಹಾಗಾಗಿ ನಮ್ಮಲ್ಲಿ ಮೂಲ ತಗಡಿಗೆ ಇನ್ನೂ ಬರ ಬಂದಿಲ್ಲ. ನನ್ನ ತೀರ್ಮಾನ ಅರ್ಧ ಇಲ್ಲೇ ಗೊತ್ತಾಗಿರಬೇಕು. ಇನ್ನರ್ಧಕ್ಕೆ ಕಾರಣಗಳು ಕೆಳಗಿವೆ.

1. ಮೊದಲು ಆರ್.ಸಿ. ಓದಿ, ಆಮೇಲೆ ಗಾಡಿ ನೋಡಿ

ಹೆಚ್ಚಿನವರು ಇದನ್ನು ಕೊನೆಗೆ ಮಾಡುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಬಣ್ಣ ಬದಲಿಸುವುದು, ಸಣ್ಣಪುಟ್ಟ ಸಾಮಾನು ಜೋಡಿಸುವುದು ನಡೆಯುತ್ತದೆ. ಆದರೆ ಗಿಡ್ಡ ಜೀಪನ್ನು ಉದ್ದ ಮಾಡುವುದು, ಗಾಡಿಯ ಆಕಾರವನ್ನೇ ಬೇರೆ ಮಾಡುವುದು ನಡೆಯುವುದಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ತಗಡಾಗಲಿ ಫೈಬರಾಗಲಿ, ಹೊಸ ಬಾಡಿಯ ಆಕಾರ, ಸೀಟಿನ ಸಂಖ್ಯೆ, ಗಾಡಿಯ ಬಗೆ ಆರ್.ಸಿ.ಯಲ್ಲಿ ಇರುವುದಕ್ಕೆ ಹೊಂದಬೇಕು. ಕೋಲಾರದ ಕೆಎ-07 ಇರಲಿ, ಕೆಜಿಎಫ್‌ನ ಕೆಎ-08 ಇರಲಿ, ದುಡ್ಡು ಬಿಚ್ಚುವ ಮುನ್ನ ಆ ಆರ್.ಟಿ.ಒ. ಕಚೇರಿಗೆ ಹೋಗಿ ಕೇಳಿ. ಕೆಎ ಸರಣಿಗಿಂತ ಹಿಂದಿನ ನಂಬರಾದರೆ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲು ನೋಡಿಸಿ. ದಾಖಲೆಯೇ ಇಲ್ಲದ ಜೀಪಿಗೆ ಚಿನ್ನದ ಬಾಡಿ ಹಾಕಿಸಿದರೂ ಅದು ತೋಟದ ಗೇಟು ದಾಟುವುದಿಲ್ಲ.

2. ಐವತ್ತು ವರ್ಷ ದಾಟಿದ್ದರೆ ಫೈಬರ್ ಮಾತೇ ಬೇಡ

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನಲ್ಲಿ ‘ವಿಎ’ ಎಂಬ ಗುರುತು ಬರುತ್ತದೆ. ಇಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಷ್ಟಕ್ಕೆ ಮಾತ್ರ. ನಿಮ್ಮ ತಾತನ ಕಾಲದ ಜೀಪು ಈ ಸಾಲಿಗೆ ಸೇರುವುದಾದರೆ, ಫೈಬರ್ ಬಾಡಿ ಕೂರಿಸಿದ ದಿನವೇ ಆ ಹಕ್ಕು ಕೈತಪ್ಪುತ್ತದೆ.

3. ಚಾಸಿ ಬೇರೆ, ಬಾಡಿ ಬೇರೆಯೇ?

ಜೀಪಿನಲ್ಲಿ ಏಣಿಯಂಥ ಚಾಸಿ ಕೆಳಗೆ, ಬಾಡಿ ಅದರ ಮೇಲೆ ಬೋಲ್ಟಿನಲ್ಲಿ ಕೂತಿರುತ್ತದೆ. ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಹಾಗೆಯೇ. ಇವೆರಡಕ್ಕೂ ಬಾಡಿ ಬದಲಾವಣೆ ಸಾಧ್ಯ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಬಾಡಿಯೇ ಚಾಸಿ. ಬಲವೆಲ್ಲ ತಗಡಿನ ಮಡಿಕೆಗಳಲ್ಲೇ ಇದೆ. ಅವಕ್ಕೆ ಬಾನೆಟ್ಟು, ಬಂಪರಿನಾಚೆ ಫೈಬರ್ ಹಾಕಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬಂದುಬಿಡಿ.

4. ಯಾವ ಊರಲ್ಲಿ ಬಾಳಿದ ಗಾಡಿ ಎಂದು ಕೇಳಿ

ಕೋಲಾರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 700 ಮಿ.ಮೀ. ಆಸುಪಾಸು. ಕರಾವಳಿಗೆ 3,500 ಮಿ.ಮೀ.ಗೂ ಹೆಚ್ಚು, ಮೇಲೆ ಸಮುದ್ರದ ಉಪ್ಪುಗಾಳಿ ಬೇರೆ. ಮಂಗಳೂರು ಕಡೆಯಿಂದ ಬಂದ ಜೀಪಿನ ತಗಡು ಹೊರಗೆ ಮಿಂಚುತ್ತಿದ್ದರೂ ಒಳಗೆ ಪೊಳ್ಳಾಗಿರಬಹುದು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನಿಂತದ್ದು ಹೊರಗೆ ಕೆಂಪಾಗಿದ್ದರೂ ಒಳಗೆ ಗಟ್ಟಿ ಇರಬಹುದು. ನಮ್ಮ ಒಣಹವೆ ತಗಡಿನ ಪರ. ನಮ್ಮ ಜೀಪುಗಳಿಗೆ ವೈರಿ ಬೇರೆಯೇ ಇದೆ: ರಾಸಾಯನಿಕ ಗೊಬ್ಬರ. ಯೂರಿಯಾ, ಡಿಎಪಿ ಮೂಟೆಯಿಂದ ಉದುರಿದ ಪುಡಿ ತೇವ ಹೀರಿಕೊಂಡು ತಗಡನ್ನು ತಿನ್ನುತ್ತದೆ. ಆದ್ದರಿಂದ ಗದ್ದೆ ಕೆಲಸ ಮಾಡಿದ ಗಾಡಿಯಲ್ಲಿ ಮುಂದಿನದಕ್ಕಿಂತ ಹಿಂದಿನ ಫ್ಲೋರನ್ನು ಹೆಚ್ಚು ಅನುಮಾನಿಸಿ.

5. ಜೇಬಲ್ಲಿ ಅಯಸ್ಕಾಂತ, ಕೈಯಲ್ಲಿ ಸ್ಕ್ರೂಡ್ರೈವರ್

ಪೇಂಟ್ ನೋಡಿ ಮರುಳಾಗಬೇಡಿ. ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಜಾರಿಸುತ್ತಾ ಹೋಗಿ. ಒಳ್ಳೆಯ ತಗಡಿನ ಮೇಲೆ ಅದು ಹಿಡಿದು ಹಿಡಿದು ಚಲಿಸುತ್ತದೆ. ಬಾಗಿಲಂಚು, ಚಕ್ರದ ಮೇಲಿನ ಕಮಾನು, ಹಿಂದಿನ ಮೂಲೆಗಳಲ್ಲಿ ಒಮ್ಮೆಲೇ ಹಿಡಿತ ಬಿಟ್ಟರೆ ಅಲ್ಲಿ ಪುಟ್ಟಿ ದಪ್ಪಗೆ ಮೆತ್ತಿದ್ದಾರೆ, ಇಲ್ಲವೇ ತಗಡೇ ಇಲ್ಲದೆ ಫೈಬರ್ ತೇಪೆ ಹಾಕಿದ್ದಾರೆ ಎಂದರ್ಥ. ಪುಟ್ಟಿ ಎರಡು ಮೂರು ಮಿ.ಮೀ. ಮೀರಿದರೆ ಅದು ಇಂದಲ್ಲ ನಾಳೆ ಬಿರಿಯುತ್ತದೆ.

ಆಮೇಲೆ ಮ್ಯಾಟು ಎತ್ತಿಸಿ. ಚಾಲಕನ ಪಾದದ ಕೆಳಗೆ, ಸೀಟಿನಡಿಯ ಪೆಟ್ರೋಲ್ ಟ್ಯಾಂಕು ಕೂರುವ ಗುಂಡಿಯಲ್ಲಿ, ಟೂಲ್ ಬಾಕ್ಸಿನ ತಳದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ, ಪದರ ಬಿಟ್ಟದ್ದು ‘ದಬ್’ ಎನ್ನುತ್ತದೆ. ಕೊನೆಗೆ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ನುಸುಳಿ. ಫ್ಲೋರಿಗೆ ಅಡ್ಡವಾಗಿ ಬೆಸೆದ, ಟೋಪಿಯನ್ನು ಬೋರಲು ಹಾಕಿದಂಥ ಪಟ್ಟಿಗಳಿರುತ್ತವೆ. ಅವುಗಳೊಳಗೆ ಕೆಸರು ಸೇರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಜೀಪಿನ ತುಕ್ಕು ಬಹುಪಾಲು ಅಲ್ಲಿಂದಲೇ ಮೇಲಕ್ಕೇರುವುದು. ಸ್ಕ್ರೂಡ್ರೈವರಿನ ತುದಿ ಅಲ್ಲಿ ಸಲೀಸಾಗಿ ಒಳಹೊಕ್ಕರೆ ಬೆಲೆ ಇಳಿಸಲು ನಿಮಗೆ ಬೇರೆ ಮಾತು ಬೇಕಿಲ್ಲ. ಮಾರುವವರು ಕೆಳಗೆ ನುಸುಳಲು ಬಿಡದಿದ್ದರೆ ಗಾಡಿ ನೋಡಿದ್ದು ಸಾಕು ಎಂದುಕೊಳ್ಳಿ.

6. ಅರ್ಧಕ್ಕಿಂತ ಹೆಚ್ಚು ಗಟ್ಟಿ ಇದ್ದರೆ ಮೂಲ ತಗಡನ್ನು ಬಿಡಬೇಡಿ

ಫ್ಲೋರು ಹೋಗಿದ್ದರೆ ಫ್ಲೋರು ಮಾತ್ರ ಬದಲಿಸಬಹುದು. ಪಕ್ಕದ ತಗಡು, ಮುಂದಿನ ಕೌಲ್, ಗಾಜಿನ ಚೌಕಟ್ಟು, ಬಾನೆಟ್ಟು ಇವು ನಿಂತಿದ್ದರೆ ಜೀಪು ಬದುಕಿದೆ ಎಂದೇ ಲೆಕ್ಕ. ನಮ್ಮ ಕಡೆ ಟಿಂಕರಿಂಗ್ ಬಲ್ಲವರಿಗೆ ಕೊರತೆಯಿಲ್ಲ. ಟ್ರ್ಯಾಕ್ಟರ್ ಟ್ರೇಲರ್, ಟೆಂಪೋ ಬಾಡಿ ಕಟ್ಟಿದ ಕೈಗಳಿಗೆ ಜೀಪಿನ ಚಪ್ಪಟೆ ತಗಡು ಸುಲಭದ ಕೆಲಸ. ಅವರಿಗೆ ಎರಡೇ ಮಾತು ಹೇಳಿ: 18 ಗೇಜಿನ ಸಿ.ಆರ್. ಶೀಟೇ ಹಾಕಿ, ಅಗ್ಗಕ್ಕೆ ಸಿಕ್ಕಿತೆಂದು ತೆಳುವಾದದ್ದು ಬೇಡ. ಇನ್ನೊಂದು, ತುಕ್ಕಿನ ಮೇಲೆ ಹೊಸ ತಗಡು ಮುಚ್ಚಿ ಬೆಸೆಯಬೇಡಿ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು ಅಂಚಿಗೆ ಅಂಚು ಕೂಡಿಸಿ. ಸತು ಲೇಪಿಸಿದ ಜಿ.ಐ. ತಗಡನ್ನು ಹಾಗೆಯೇ ಬೆಸೆದರೆ ಬರುವ ಹೊಗೆ ಕೆಲಸ ಮಾಡುವವರ ಎದೆಗೆ ಕೆಟ್ಟದ್ದು. ಅವರ ಮೇಲೂ ಸ್ವಲ್ಪ ಕನಿಕರವಿರಲಿ.

7. ‘ಫೈಬರ್ ಹಗುರ’ ಎಂಬ ಮಾತನ್ನು ತಕ್ಕಡಿಗೆ ಹಾಕಿ

18 ಗೇಜಿನ ತಗಡು ಅಂದರೆ ಸುಮಾರು 1.2 ಮಿ.ಮೀ. ದಪ್ಪ; ಒಂದು ಚದರ ಮೀಟರಿಗೆ ಒಂಬತ್ತೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಕೈಯಲ್ಲಿ ಹಾಸಿದ ಫೈಬರ್ ಹಾಳೆ 4 ಮಿ.ಮೀ. ಇದ್ದರೆ ಸುಮಾರು 6 ಕೆ.ಜಿ. ಉಳಿತಾಯ ನಿಜ. ಆದರೆ ಅಷ್ಟು ತೆಳು ಫೈಬರ್ ತಾನಾಗಿ ಬಾಗಿಲು ಹೊರಲಾರದು, ಸೀಟು ಹಿಡಿಯಲಾರದು. ಒಳಗೆ ಕಬ್ಬಿಣದ ಪೈಪು, ಪಟ್ಟಿ ಕೂರಿಸಲೇಬೇಕು. ಅದನ್ನೂ ಸೇರಿಸಿ ತೂಗಿದರೆ ವ್ಯತ್ಯಾಸ ಬಹಳಷ್ಟು ಕರಗಿಹೋಗುತ್ತದೆ. ಕಬ್ಬಿಣ ಹಾಕದೆ ‘ಗರಿಯಷ್ಟು ಹಗುರ’ ಎಂದು ಕೊಟ್ಟರೆ, ಟೇಕಲ್ ಕಡೆಯ ಕಲ್ಲುದಾರಿಯಲ್ಲಿ ಒಂದು ಬೇಸಿಗೆ ಓಡಿಸುವಷ್ಟರಲ್ಲಿ ಮೂಲೆಮೂಲೆಗೆ ಬಿರುಕು ಕಾಣುತ್ತದೆ.

8. ಹಾಗೆಂದು ಫೈಬರನ್ನು ಹೀಗಳೆಯಬೇಡಿ

‘ಫೈಬರ್ ಅಂದ್ರೆ ಡೂಪ್ಲಿಕೇಟು’ ಎನ್ನುವವರಿಗೆ ಬೆಂಗಳೂರಿನ ಇತಿಹಾಸ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಇದೇ ಊರಿನ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಗಾಡಿ ತಯಾರಿಸಿತು. ಮುಂದೆ ಅದೇ ಕಂಪನಿಯಿಂದ ಸಿಪಾನಿ ಹೆಸರಿನಲ್ಲಿ 1982ರ ಹೊತ್ತಿಗೆ ‘ಡಾಲ್ಫಿನ್’ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಇಂಜಿನ್, ಮೈಯೆಲ್ಲ ಫೈಬರ್. ಎರಡೇ ಬಾಗಿಲಿನ, ಆಟಿಕೆಯಂತೆ ಕಾಣುವ ಆ ಕಾರನ್ನು ಜನ ಮನೆಗೆ ಕೊಂಡದ್ದು ಕಡಿಮೆ. ಹಗುರ ಎಂಬ ಕಾರಣಕ್ಕೆ ರ‍್ಯಾಲಿಯವರು ಮಾತ್ರ ಅದನ್ನು ಮೆಚ್ಚಿದರು. 2001ರಲ್ಲಿ ಬಂದ ಬೆಂಗಳೂರಿನದೇ ರೇವಾ ವಿದ್ಯುತ್ ಕಾರಿಗೂ ತಗಡಿನ ಹೊರಮೈ ಇರಲಿಲ್ಲ; ಉಕ್ಕಿನ ಚೌಕಟ್ಟಿಗೆ ಎಬಿಎಸ್ ಪ್ಲಾಸ್ಟಿಕ್ ಹೊದಿಸಿದ್ದರು. ಅಮೆರಿಕದಲ್ಲಿ ಷೆವರ್ಲೆ ಕಾರ್ವೆಟ್ 1953ರಲ್ಲಿ ಹುಟ್ಟಿದ್ದೇ ಫೈಬರ್ ಬಾಡಿಯಲ್ಲಿ. ಆ ವರ್ಷದ 300 ಕಾರುಗಳಿಗೆ ಇಂದು ಎಷ್ಟೋ ತಗಡಿನ ಕಾರುಗಳಿಗಿಲ್ಲದ ಬೆಲೆಯಿದೆ.

ಇವೆಲ್ಲ ಮೊದಲಿನಿಂದಲೂ ಫೈಬರ್ ಅಥವಾ ಪ್ಲಾಸ್ಟಿಕ್ಕಿಗೆಂದೇ ಯೋಚಿಸಿ ಕಟ್ಟಿದ ಗಾಡಿಗಳು. ತಗಡಿಗೆಂದು ಕಟ್ಟಿದ್ದಕ್ಕೆ ಆಮೇಲೆ ಫೈಬರ್ ತೊಡಿಸುವಾಗಲೇ ತೊಡಕು ಶುರುವಾಗುವುದು.

9. ಫೈಬರ್ ಕೊಳ್ಳುವಾಗ ಒಳಮೈ ನೋಡಿ

ಶಿವಾರಪಟ್ಟಣದ ಶಿಲ್ಪಿ ಒಂದು ಕಲ್ಲಿನಿಂದ ಒಂದೇ ವಿಗ್ರಹ ಬಿಡಿಸುತ್ತಾನೆ. ಫೈಬರಿನವನು ಒಂದು ಅಚ್ಚಿನಿಂದ ಎಷ್ಟು ಬಾಡಿ ಬೇಕಾದರೂ ತೆಗೆಯುತ್ತಾನೆ. ಅಚ್ಚು ಸೊಟ್ಟಗಿದ್ದರೆ ಅದರಿಂದ ಬಂದದ್ದೆಲ್ಲ ಸೊಟ್ಟ. ಹೊರಮೈಯ ಹೊಳಪು ಜೆಲ್ ಕೋಟಿನದು, ಅದು ಏನನ್ನೂ ಹೇಳುವುದಿಲ್ಲ. ಬಾಡಿಯನ್ನು ಬೋರಲು ಹಾಕಿಸಿ. ಗಾಜಿನ ಎಳೆಗಳು ರೆಸಿನ್‌ನಲ್ಲಿ ಪೂರ್ತಿ ನೆಂದು ಪಾರದರ್ಶಕವಾಗಿವೆಯೇ, ಬೆಳ್ಳಗೆ ಒಣಗಿ ನಿಂತಿವೆಯೇ? ಬೆಳ್ಳಗಿದ್ದರೆ ರೆಸಿನ್ ಉಳಿಸಿದ್ದಾರೆ. 450 ಗ್ರಾಂನ ಗಾಜಿನೆಳೆ ಮ್ಯಾಟಿನ ಒಂದು ಪದರ ಸುಮಾರು ಒಂದು ಮಿ.ಮೀ. ಕೊಡುತ್ತದೆ, ‘ನಾಲ್ಕು ಪದರ ಹಾಕಿದ್ದೇವೆ ಸಾರ್’ ಎಂದರೆ ಅಂಚಿನಲ್ಲಿ ಅಳೆದು ನೋಡಿ. ಅಲ್ಲಲ್ಲಿ ನಾಣ್ಯದಿಂದ ತಟ್ಟಿ. ಪೊಳ್ಳು ಸದ್ದು ಬಂದಲ್ಲಿ ಗಾಳಿಗುಳ್ಳೆ ಇದೆ. ಕೀಲು, ಸೀಟು, ಬೆಲ್ಟು ಕೂರುವ ಕಡೆ ಪದರಗಳ ನಡುವೆ ಕಬ್ಬಿಣದ ತಟ್ಟೆ ಹುದುಗಿಸಿರಬೇಕು. ರೋಲ್ ಬಾರ್, ಸೀಟ್ ಬೆಲ್ಟುಗಳ ಹಿಡಿತ ಫೈಬರಿಗಲ್ಲ, ಚಾಸಿಗೆ ಮುಟ್ಟಬೇಕು. ಇದರಲ್ಲಿ ರಾಜಿ ಬೇಡವೇ ಬೇಡ.

10. ವೈರಿಂಗ್ ಮರೆಯಬೇಡಿ

ತಗಡಿನ ಬಾಡಿಯೇ ಬ್ಯಾಟರಿಯ ನೆಗೆಟಿವ್ ತಂತಿ. ಫೈಬರಿನಲ್ಲಿ ಕರೆಂಟು ಹರಿಯದು. ಪ್ರತಿ ಲೈಟು, ಹಾರನ್, ಪೆಟ್ರೋಲ್ ಮೀಟರಿಗೆ ಬೇರೆ ಅರ್ತ್ ತಂತಿ ಎಳೆದು ಚಾಸಿಗೆ ಸೇರಿಸಬೇಕು. ಫೈಬರ್ ಜೀಪಿನ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿಣುಕುವುದು ಇದೇ ಕಾರಣಕ್ಕೆ; ದೆವ್ವ ಹಿಡಿದಿಲ್ಲ.

11. ಬೆಂಕಿಯ ಮಾತು

ಹಳೆಯ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕು ಚಾಲಕನ ಸೀಟಿನ ಕೆಳಗೇ ಇರುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಚೆನ್ನಾಗಿ ಉರಿಯುತ್ತದೆ, ದಟ್ಟ ಕಪ್ಪು ಹೊಗೆ ಬಿಡುತ್ತದೆ. ಬೆಂಕಿ ತಡೆಯುವ ರೆಸಿನ್ ಕೇಳಿ ಹಾಕಿಸಿ. ಸೈಲೆನ್ಸರ್ ಹಾದುಹೋಗುವ ಕಡೆ ತಗಡಿನ ಮರೆ ಇರಲಿ, ಸಣ್ಣದೊಂದು ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ.

12. ಫೈಬರಿಗೆ ಕಪ್ಪು ಬಳಿಯಬೇಡಿ

ಅಚ್ಚಿನಿಂದ ತೆಗೆದ ಬಾಡಿಯನ್ನು ಮರುದಿನವೇ ಪೇಂಟಿಗೆ ಕೊಡುವುದು ಸಾಮಾನ್ಯ ತಪ್ಪು. ಒಳಗಿನ ರೆಸಿನ್ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಬಿಸಿಲಿಗಿಟ್ಟರೆ ಬೇಗ ಆಗುತ್ತದೆ, ಅದಕ್ಕೆ ನಮ್ಮಲ್ಲೇನೂ ಬರವಿಲ್ಲ. ಅಚ್ಚಿಗೆ ಹಚ್ಚಿದ ಮೇಣ ತೊಳೆಯದಿದ್ದರೆ ಪೇಂಟು ಹಾಳೆಹಾಳೆಯಾಗಿ ಏಳುತ್ತದೆ. ಗಾಢ ಬಣ್ಣ ಬಳಿದರೆ ಏಪ್ರಿಲ್ ಬಿಸಿಲಿಗೆ ಫೈಬರ್ ಮೆತ್ತಗಾಗಿ, ಒಳಗಿನ ಎಳೆಯ ನೇಯ್ಗೆ ಮೇಲೆ ಮೂಡುತ್ತದೆ. ಬಿಳಿ, ತಿಳಿಹಸಿರು, ಮರಳಿನ ಬಣ್ಣ ಕ್ಷೇಮ.

13. ಇನ್ಶೂರೆನ್ಸ್‌ನಲ್ಲಿ ಲೆಕ್ಕ ತಿರುಗುಮುರುಗು

ಇದು ಹಲವರಿಗೆ ಗೊತ್ತಿಲ್ಲ. ಅಪಘಾತದ ಕ್ಲೇಮಿನಲ್ಲಿ ಹತ್ತು ವರ್ಷ ಮೀರಿದ ಗಾಡಿಯ ತಗಡಿನ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಫೈಬರ್ ಗ್ಲಾಸ್ ಭಾಗಗಳಿಗೆ ಶೇಕಡಾ 30 ಮಾತ್ರ. ಆದರೆ ಫೈಬರ್ ಬಾಡಿ ಹಾಕಿಸಿದ್ದನ್ನು ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು. ಮುಚ್ಚಿಟ್ಟಿದ್ದರೆ ಈ ಶೇಕಡಾ ಲೆಕ್ಕಗಳಿಗೆ ಅರ್ಥವೇ ಉಳಿಯದು.

14. ಕೆಟ್ಟರೆ ರಿಪೇರಿ ಮಾಡುವವರು ಎಷ್ಟು ದೂರ?

ಬಂಡೆಗೆ ತಾಗಿದರೆ ತಗಡು ನಗ್ಗಾಗುತ್ತದೆ, ಫೈಬರ್ ಸೀಳುತ್ತದೆ. ನಗ್ಗನ್ನು ಮಾಲೂರಿನಲ್ಲೇ ಸಂಜೆಯೊಳಗೆ ಬಡಿದು ಎತ್ತಬಹುದು. ಸೀಳಿಗೆ ಒಳಗಿನಿಂದ ಅಗಲವಾಗಿ ಇಳಿಜಾರು ಉಜ್ಜಿ ಹೊಸ ಮ್ಯಾಟು ಕೂರಿಸಬೇಕು. ಕಷ್ಟದ ಕೆಲಸವೇನಲ್ಲ, ಆದರೆ ತಿಳಿದವರು ಕಡಿಮೆ. ನೀರಿನ ಟ್ಯಾಂಕಿಗೆ ತೇಪೆ ಹಾಕುವವರ ಕೈಗೆ ಜೀಪು ಕೊಟ್ಟರೆ ಟ್ಯಾಂಕಿನ ತೇಪೆಯೇ ಬರುತ್ತದೆ.

15. ಎರಡನ್ನೂ ಬೆರೆಸಿ

ನನಗೆ ಇಷ್ಟವಾದ ದಾರಿ ಇದು. ಭಾರ ಹೊರುವ ಟಬ್, ಅಂದರೆ ಜನ, ಸಾಮಾನು ಕೂರುವ ಬಾಡಿಯ ತೊಟ್ಟಿ, ತಗಡಿನದೇ ಇರಲಿ. ಮೇಲಿನ ಹಾರ್ಡ್ ಟಾಪ್, ಮಡ್‌ಗಾರ್ಡ್, ಬೇಕಾದರೆ ಬಾನೆಟ್ಟು ಫೈಬರಿನದಾಗಲಿ. ಬೋಲ್ಟಿನಲ್ಲಿ ಕೂರುವ ಭಾಗಗಳಾದ್ದರಿಂದ ಬೇಡವೆಂದಾಗ ಬಿಚ್ಚಿ ಮೂಲದ್ದನ್ನು ಹಾಕಬಹುದು. ಫೈಬರ್ ಟಾಪು ಬಿಸಿಲಿಗೆ ತಗಡಿನಷ್ಟು ಕಾಯುವುದಿಲ್ಲ, ಮಳೆಯಲ್ಲಿ ಅಷ್ಟು ಸದ್ದೂ ಮಾಡುವುದಿಲ್ಲ.

16. ಟಬ್ಬೇ ಹೋಗಿದ್ದರೆ ಹೊಸ ತಗಡು

ಅಮೆರಿಕದ ಒಹಾಯೊದಲ್ಲಿ ಬ್ರೂಕ್‌ವಿಲ್ ಎಂಬ ಕಂಪನಿ ಹಳೆಯ ಫೋರ್ಡ್ ಬಾಡಿಗಳನ್ನು ಹೊಸ ಉಕ್ಕಿನಲ್ಲಿ ಒತ್ತಿ ತೆಗೆಯುತ್ತದೆ. ತಗಡು ಬೇಕು, ಮೂಲದ್ದು ಸಿಗದು ಎನ್ನುವವರಿಗೆ ಅದು ದಾರಿ. ನಮ್ಮಲ್ಲಿ ಜೀಪುಗಳನ್ನು ಹೊಸದಾಗಿ ಕಟ್ಟುವುದಕ್ಕೆ ಹರಿಯಾಣದ ಮಂಡಿ ಡಬ್ವಾಲಿ ಹೆಸರುವಾಸಿ. ಅಲ್ಲಿಂದ ಬಾಡಿ ತರಿಸುವುದು ಬೇರೆ, ಇಡೀ ಗಾಡಿ ತರುವುದು ಬೇರೆ. ಗಾಡಿಯಾದರೆ ಎನ್.ಒ.ಸಿ., ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲ ಇದೆ. ಅದಕ್ಕಿಂತ ಮೊದಲು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ ಬನ್ನಿ; ಬಿಡಿಭಾಗಗಳು ಅಲ್ಲೇ ಸಿಕ್ಕಬಹುದು. ಮೂಲ ತಗಡಿನ ಅಂಚು, ಸಂದು ಹೇಗಿರಬೇಕೆಂದು ಕಣ್ಣಿಗೆ ಅಭ್ಯಾಸವಾಗಲು ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಸಂಗ್ರಹಾಲಯವನ್ನೂ ಒಮ್ಮೆ ನೋಡಿ.

17. ಮಾರುವಾಗ ಬಾಯಿ ಬಿಟ್ಟು ಹೇಳಿ

ಫೈಬರ್ ಬಾಡಿ ಫೈಬರ್ ಎಂದೇ ಮಾರಾಟವಾಗಲಿ. ಕೊಳ್ಳುವವರ ಜೇಬಿನಲ್ಲೂ ಒಂದು ಅಯಸ್ಕಾಂತ ಇರುತ್ತದೆ.

18. ಹಳೆಯ ಬಾಡಿಯನ್ನು ಗುಜರಿಗೆ ಹಾಕಬೇಡಿ

ತೋಟದೊಳಗಷ್ಟೇ ಓಡುವ ಗಾಡಿ, ಮೂಲ ಟಬ್ ಪೂರ್ತಿ ಹೋಗಿದೆ, ಹೊಸ ತಗಡಿಗೆ ದುಡ್ಡಿಲ್ಲ ಎಂದಾದರೆ ಫೈಬರ್ ಹಾಕಿಸಿ, ತಪ್ಪಿಲ್ಲ. ಆದರೆ ಕೆಲಸ ಶುರುವಾಗುವ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಕಂಪನಿಯ ತಟ್ಟೆ, ಗಾಜಿನ ಚೌಕಟ್ಟು, ಹಿಂದಿನ ಬಾಗಿಲು, ಕೀಲುಗಳನ್ನು ಬಿಚ್ಚಿ ಗ್ರೀಸು ಸವರಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿ. ಗುಜರಿಯವನು ಕೊಡುವುದು ಕೆ.ಜಿ. ಲೆಕ್ಕದ ದುಡ್ಡು, ಆ ಭಾಗಗಳನ್ನು ಹುಡುಕಿಕೊಂಡು ಇನ್ನೊಬ್ಬ ಜೀಪಿನವನು ನಿಮ್ಮ ಮನೆ ಬಾಗಿಲಿಗೇ ಬರುತ್ತಾನೆ.